ಐದು ಸಲ ‘ತಪ್ಪಿತಸ್ಥನಲ್ಲ’, ಕಾರಣ ಮಾತ್ರ ಒಂದೂ ಇಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕೆನೋಷಾ ಊರಿನಲ್ಲಿ ಕೈಲ್ ರಿಟನ್‌ಹೌಸ್ ಎಂಬ ಹುಡುಗ ಗುಂಡು ಹಾರಿಸಿ ಇಬ್ಬರನ್ನು ಕೊಂದ ಪ್ರಕರಣದ ತೀರ್ಪಿನ ಬಗ್ಗೆ ನಿಮ್ಮ ಓದುಗರ ಪುಟದಲ್ಲಿ ಬಂದ ಎರಡು ಪತ್ರಗಳನ್ನು ಇಲ್ಲಿ ಮಗಳ ಮನೆಯಲ್ಲಿ ಕೂತು ಓದಿದೆ. ಒಬ್ಬ ಓದುಗರ ಪ್ರಕಾರ ಬಿಳಿಯ ಹುಡುಗನೊಬ್ಬ ಇಬ್ಬರು ಕಪ್ಪು ಜನರನ್ನು ಕೊಂದು ಬಚಾವಾದ. ಇನ್ನೊಬ್ಬರ ಪ್ರಕಾರ ಅವನು ಊರು ಕಾಯಲು ಹೊರಟ ವೀರ, ನಮ್ಮ ಹುಡುಗರ ಕೈಗೂ ಬಂದೂಕು ಬರಬೇಕು. ಇಬ್ಬರೂ ಕೋರ್ಟನ್ನೇ ಸಾಕ್ಷಿಗೆ ಕರೆದಿದ್ದಾರೆ. ಕೋರ್ಟು ಇವೆರಡರಲ್ಲಿ ಯಾವುದನ್ನೂ ಹೇಳಿಲ್ಲ. ಅದು ಹೇಳಿದ್ದು ‘ತಪ್ಪಿತಸ್ಥನಲ್ಲ’ ಎಂದು, ಐದು ಆರೋಪಕ್ಕೆ ಐದು ಸಲ. ಯಾಕಲ್ಲ ಎನ್ನುವುದಕ್ಕೆ ಒಂದು ಸಾಲೂ ಇಲ್ಲ. ನನ್ನ ತಕರಾರು ಇರುವುದು ಅದರ ಬಗ್ಗೆ.

ನಾನು ಕೊಡಗಿನವನು. ಸೆಷನ್ಸ್ ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತನಾದವನು. ಸಾಹೇಬರು ಹೇಳಿದ ತೀರ್ಪನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು, ಟೈಪ್ ಮಾಡುವುದು, ಅವರು ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟದ್ದನ್ನು ಮತ್ತೆ ಟೈಪ್ ಮಾಡುವುದು, ಇದೇ ನನ್ನ ಕೆಲಸವಾಗಿತ್ತು. ಕೋವಿಡ್ ಲಸಿಕೆ ಎರಡು ಡೋಸ್ ಆದ ಹೊರದೇಶದವರಿಗೆ ಅಮೆರಿಕ 2021ರ ನವೆಂಬರ್ 8ಕ್ಕೆ ಬಾಗಿಲು ತೆರೆಯಿತಲ್ಲ, ಆ ವಾರವೇ ಇಲಿನಾಯ್‌ಗೆ ಬಂದೆ. ಮಗಳ ಮನೆಯಿಂದ ಕೆನೋಷಾ ದೂರವಿಲ್ಲ. ಷಿಕಾಗೋ ಮತ್ತು ಮಿಲ್ವಾಕಿ ನಡುವೆ, ಮಿಷಿಗನ್ ಸರೋವರದ ದಂಡೆಯಲ್ಲಿರುವ ವಿಸ್ಕಾನ್ಸಿನ್ ರಾಜ್ಯದ ಊರು ಅದು. ವಿಚಾರಣೆ ಟಿವಿಯಲ್ಲಿ ನೇರವಾಗಿ ಬರುತ್ತಿತ್ತು. ಮೊಮ್ಮಗನ ಜೊತೆ ಆಡುವುದು ಬಿಟ್ಟು ನಾನು ಅದನ್ನೇ ನೋಡುತ್ತಿದ್ದೆ. ‘ಅಪ್ಪಾ, ನೀವು ರಜೆಗೆ ಬಂದಿದ್ದೀರಾ, ಡ್ಯೂಟಿಗೆ ಬಂದಿದ್ದೀರಾ?’ ಅಂತ ಮಗಳು ಕೇಳಿದಳು. ಬರುವ ಮೊದಲೇ ಆಗಿಹೋಗಿದ್ದ ಸಾಕ್ಷಿ ಹೇಳಿಕೆಗಳನ್ನು ರೆಕಾರ್ಡಿಂಗಿನಲ್ಲಿ ನೋಡಿದೆ.

ಮೊದಲು ಸಂಗತಿ ಸರಿಯಾಗಿರಲಿ. 2020ರ ಆಗಸ್ಟ್ 23ರಂದು ಕೆನೋಷಾದಲ್ಲಿ ಪೊಲೀಸನೊಬ್ಬ ಜೇಕಬ್ ಬ್ಲೇಕ್ ಎಂಬ ಕಪ್ಪು ವ್ಯಕ್ತಿಯ ಮೇಲೆ ಹಿಂದಿನಿಂದ ಏಳು ಗುಂಡು ಹಾರಿಸಿದ. ಬ್ಲೇಕ್ ಬದುಕಿದರು, ಆದರೆ ನಡೆಯಲಾರದಂತಾದರು. ಊರು ಹೊತ್ತಿ ಉರಿಯಿತು. ಮೂರನೇ ರಾತ್ರಿ, ಆಗಸ್ಟ್ 25ಕ್ಕೆ, ಹದಿನೇಳರ ಹುಡುಗ ರಿಟನ್‌ಹೌಸ್ ಎಆರ್-15 ಮಾದರಿಯ ರೈಫಲ್ ಹೆಗಲಿಗೆ ಹಾಕಿಕೊಂಡು, ಹಳೇ ಕಾರು ಮಾರುವವರ ಜಾಗ ಕಾಯುತ್ತೇನೆ ಎಂದು ರಸ್ತೆಗಿಳಿದ. ಅವನ ಊರು ಪಕ್ಕದ ಇಲಿನಾಯ್ ರಾಜ್ಯದ ಆಂಟಿಯೋಕ್. ರೈಫಲ್ ಕೊಳ್ಳುವ ವಯಸ್ಸಾಗಿರಲಿಲ್ಲ. ದುಡ್ಡು ಇವನದ್ದು, ಕೊಂಡವನು ಸ್ನೇಹಿತ. ಅದು ಇದ್ದದ್ದು ಕೆನೋಷಾದಲ್ಲೇ. ಗಡಿ ದಾಟಿಸಿ ಬಂದೂಕು ತಂದ ಎಂದು ಎಷ್ಟೋ ಜನ ಬರೆದರು. ಸಾಕ್ಷ್ಯದಲ್ಲಿ ಅದು ನಿಲ್ಲಲಿಲ್ಲ.

ಆ ರಾತ್ರಿ ಅವನು ಎಂಟು ಗುಂಡು ಹಾರಿಸಿದ. ಇಬ್ಬರು ಸತ್ತರು, ಒಬ್ಬರ ತೋಳು ಛಿದ್ರವಾಯಿತು. ಗುಂಡು ತಗುಲಿದ ಮೂವರೂ ಬಿಳಿಯರು. ನಿಮ್ಮ ಮೊದಲ ಪತ್ರಲೇಖಕರು ಇದನ್ನು ಗಮನಿಸಬೇಕು. ಹಾಗಂತ ಬಣ್ಣದ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಅದೇ ವಯಸ್ಸಿನ ಕಪ್ಪು ಹುಡುಗನೊಬ್ಬ ಗುಂಡು ಹಾರಿಸಿ, ಕೈ ಮೇಲೆತ್ತಿಕೊಂಡು ಪೊಲೀಸರ ಕಡೆ ನಡೆದಿದ್ದರೆ ಅವರ ಗಾಡಿಗಳು ಅವನನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದವಾ? ಇವನ ವಿಷಯದಲ್ಲಿ ಹಾಗೇ ಆಯಿತು. ಅವನು ಮನೆಗೆ ಹೋಗಿ ಆಮೇಲೆ ತನ್ನೂರಿನ ಠಾಣೆಯಲ್ಲಿ ಶರಣಾದ. ಜನ ಕೇಳುತ್ತಿರುವುದು ಇದನ್ನು. ಜೂರಿಯ, ಅಂದರೆ ತೀರ್ಪು ಕೊಡಲು ಕೂತ ಹನ್ನೆರಡು ಸಾಮಾನ್ಯ ಜನರ ಮುಂದೆ ಇದ್ದದ್ದು ಇದಲ್ಲ.

ಜೂರಿಯ ಮುಂದೆ ಇದ್ದ ಪ್ರಶ್ನೆ ತುಂಬಾ ಸಣ್ಣದು. ಪ್ರತಿ ಗುಂಡು ಹಾರಿಸುವ ಕ್ಷಣದಲ್ಲಿ, ಹಾರಿಸದಿದ್ದರೆ ತನ್ನ ಜೀವ ಹೋಗುತ್ತದೆ ಅಥವಾ ದೊಡ್ಡ ಗಾಯವಾಗುತ್ತದೆ ಎಂದು ಅವನು ನಂಬಿದ್ದನೇ? ಆ ನಂಬಿಕೆ ಅವನ ಜಾಗದಲ್ಲಿದ್ದ ಸಾಮಾನ್ಯ ಮನುಷ್ಯನಿಗೂ ಬರುವಂಥದ್ದೇ? ವಿಸ್ಕಾನ್ಸಿನ್ ಕಾನೂನಿನಲ್ಲಿ ಆರೋಪಿ ಇದನ್ನು ರುಜುವಾತು ಮಾಡಬೇಕಿಲ್ಲ. ಅದು ಆತ್ಮರಕ್ಷಣೆ ಅಲ್ಲ ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ಪ್ರಾಸಿಕ್ಯೂಷನ್ನೇ ತೋರಿಸಬೇಕು. ನಮ್ಮಲ್ಲಿ ತಿರುಗಾಮುರುಗಾ. ನಾನು ಕೆಲಸದಲ್ಲಿದ್ದ ಕಾಲದ ಸಾಕ್ಷ್ಯ ಕಾಯ್ದೆಯ 105ನೇ ಕಲಮಿನ ಪ್ರಕಾರ ಆತ್ಮರಕ್ಷಣೆ ಎನ್ನುವ ಆರೋಪಿಯೇ ಅದಕ್ಕೆ ಆಧಾರ ತೋರಿಸಬೇಕಿತ್ತು. ಪೂರ್ತಿ ರುಜುವಾತು ಬೇಡ, ಇದ್ದರೂ ಇರಬಹುದು ಎನ್ನುವಷ್ಟು ತೂಕ ಬಂದರೆ ಸಾಕು. ಆದರೂ ಭಾರ ಅವನ ಮೇಲೆ.

ಇಷ್ಟು ಇಟ್ಟುಕೊಂಡು ನೋಡಿದರೆ ಕೆಲವು ಆರೋಪ ಬಿದ್ದುಹೋಗಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ತೋಳಿಗೆ ಗುಂಡು ತಿಂದವರು ಪ್ರಾಸಿಕ್ಯೂಷನ್ ಸಾಕ್ಷಿ. ಅವರ ಕೈಯಲ್ಲೂ ಪಿಸ್ತೂಲಿತ್ತು. ಹುಡುಗ ಜನರ ಮೇಲೆ ಗುಂಡು ಹಾರಿಸುತ್ತಾ ಓಡುತ್ತಿದ್ದಾನೆ ಎಂದು ತಿಳಿದು ತಾವು ಹತ್ತಿರ ಹೋದದ್ದಾಗಿ ಹೇಳಿದರು. ಪಾಟೀ ಸವಾಲಿನಲ್ಲಿ, ತಮ್ಮ ಪಿಸ್ತೂಲು ಅವನ ಕಡೆ ತಿರುಗಿದ ಮೇಲೆಯೇ ಅವನು ಗುಂಡು ಹಾರಿಸಿದ್ದು ಎಂದು ಒಪ್ಪಿಕೊಂಡರು. ಪ್ರಾಸಿಕ್ಯೂಷನ್ ಮೇಜಿನಲ್ಲಿದ್ದ ಒಬ್ಬ ವಕೀಲರು ಹಣೆಗೆ ಕೈ ಹಚ್ಚಿಕೊಂಡದ್ದು ಟಿವಿಯಲ್ಲಿ ಕಂಡಿತು. ನಮ್ಮ ಕೋರ್ಟಾದರೂ ಆ ಆರೋಪ ಅಲ್ಲಿಗೆ ಮುಗಿಯುತ್ತಿತ್ತು. ಇಬ್ಬರ ಕೈಯಲ್ಲೂ ಬಂದೂಕು, ಇಬ್ಬರಿಗೂ ಎದುರಿನವನೇ ಅಪಾಯ. ಒಂದು ವೇಳೆ ಇವರೇ ಮೊದಲು ಹಾರಿಸಿ ಹುಡುಗ ಸತ್ತಿದ್ದರೆ, ಅದೇ ಕಾನೂನಿನ ಅದೇ ಕಲಮು ಇವರ ಕೈ ಹಿಡಿಯುತ್ತಿತ್ತೇನೋ.

ಆದರೆ ಮೊದಲ ಸಾವಿನ ಲೆಕ್ಕ ಬೇರೆ. ಅಲ್ಲಿ ಸತ್ತವರ ಕೈಯಲ್ಲಿ ಆಯುಧ ಇರಲಿಲ್ಲ. ಅವರು ಹುಡುಗನನ್ನು ಅಟ್ಟಿಸಿಕೊಂಡು ಹೋದರು, ಒಂದು ಪ್ಲಾಸ್ಟಿಕ್ ಚೀಲ ಎಸೆದರು. ಹಿಂದೆ ಎಲ್ಲೋ ಇನ್ಯಾರೋ ಗಾಳಿಯಲ್ಲಿ ಗುಂಡು ಹಾರಿಸಿದರು. ಹುಡುಗ ತಿರುಗಿ ನಾಲ್ಕು ಗುಂಡು ಹೊಡೆದ. ತನ್ನ ರೈಫಲ್ ಕಿತ್ತುಕೊಳ್ಳಲು ಬಂದರು ಎಂದು ಅವನ ಹೇಳಿಕೆ. ಮೊದಲು ಬಂದೂಕು ಗುರಿಯಿಟ್ಟು ಕೆಣಕಿದ್ದೇ ಇವನು ಎಂದು ಪ್ರಾಸಿಕ್ಯೂಷನ್ ವಾದ. ಅದಕ್ಕೆ ಅವರ ಬಳಿ ಇದ್ದದ್ದು ಡ್ರೋನಿನಿಂದ ತೆಗೆದ ವಿಡಿಯೊ. ಕತ್ತಲೆಯಲ್ಲಿ, ಮೇಲಿನಿಂದ, ಮನುಷ್ಯರು ಚುಕ್ಕಿಗಳ ಹಾಗೆ ಕಾಣುವ ವಿಡಿಯೊ.

ಆ ವಿಡಿಯೊದ ಮೇಲೆ ನಡೆದ ಜಗಳ ನೋಡಬೇಕಿತ್ತು. ಚಿತ್ರ ಹಿಗ್ಗಿಸಿದರೆ ಕಂಪ್ಯೂಟರ್ ತಾನೇ ಚುಕ್ಕಿ ಸೇರಿಸುತ್ತದೆ, ಆಗ ಅದು ಸಾಕ್ಷ್ಯವಾಗಿ ಉಳಿಯುತ್ತದಾ ಎಂದು ಒಂದು ವಾದ. ನಮಗೆ ಕೊಟ್ಟ ಪ್ರತಿ ಮಸುಕು, ಸರ್ಕಾರಿ ವಕೀಲರ ಹತ್ತಿರ ಇರುವುದು ಸ್ಪಷ್ಟ, ಹಾಗಾಗಿ ವಿಚಾರಣೆಯನ್ನೇ ರದ್ದು ಮಾಡಿ ಎಂದು ಆರೋಪಿ ಕಡೆಯವರ ಅರ್ಜಿ. ನ್ಯಾಯಾಧೀಶ ಬ್ರೂಸ್ ಶ್ರೋಡರ್ ವಿಡಿಯೊ ಜೂರಿಗೆ ಹೋಗಲಿ ಎಂದರು. ಕೆಣಕಿದವನಿಗೆ ಆತ್ಮರಕ್ಷಣೆಯ ಹಕ್ಕು ಸುಲಭಕ್ಕೆ ಸಿಗುವುದಿಲ್ಲ, ತಪ್ಪಿಸಿಕೊಳ್ಳುವ ಎಲ್ಲ ದಾರಿ ಮುಗಿದಿರಬೇಕು ಎಂಬ ಕಾನೂನನ್ನೂ ಜೂರಿಗೆ ತಿಳಿಸಲು ಒಪ್ಪಿದರು. ಜೂರಿಯವರು ಚರ್ಚೆಗೆ ಹೋದ ಮೇಲೆ ವಿಡಿಯೊಗಳನ್ನು ಮತ್ತೆ ಕೇಳಿ ನೋಡಿದರು.

ನೋಡಿ ಏನು ಕಂಡರು? ಹುಡುಗ ಬಂದೂಕು ಎತ್ತಿದ್ದು ಕಂಡಿತೇ, ಕಾಣಲಿಲ್ಲವೇ? ಎತ್ತಿದ ಎಂದು ಒಪ್ಪಿ, ಆದರೂ ಆಮೇಲೆ ಓಡಿದನಲ್ಲ ಎಂದು ಬಿಟ್ಟರೇ? ಹನ್ನೆರಡು ಜನರಲ್ಲಿ ಆರು ಜನ ಒಂದು ಕಾರಣಕ್ಕೆ, ಆರು ಜನ ಇನ್ನೊಂದಕ್ಕೆ ಒಪ್ಪಿದರೇ? ನಮಗೆ ಯಾವತ್ತೂ ತಿಳಿಯುವುದಿಲ್ಲ. ಹೊರಗೆ ಬಂದ ಸುಳಿವು ಇಷ್ಟೇ: ಜಡ್ಜರ ಸೂಚನೆಗಳಲ್ಲಿ 1ರಿಂದ 6ನೇ ಪುಟದ ಜೆರಾಕ್ಸ್ ಎಲ್ಲರಿಗೂ ಬೇಕು ಎಂದು ಮೊದಲು ಕೇಳಿದರು, ಆತ್ಮರಕ್ಷಣೆಯ ವಿವರಣೆ ಅಲ್ಲೇ ಇದ್ದದ್ದು. ಆಮೇಲೆ 36ನೇ ಪುಟದವರೆಗೆ ಉಳಿದದ್ದನ್ನೂ ತರಿಸಿಕೊಂಡರು. ಒಬ್ಬ ಜೂರರ್ ಅದನ್ನು ರಾತ್ರಿ ಮನೆಗೆ ಒಯ್ಯಬಹುದೇ ಎಂದು ಕೇಳಿದರು, ಜಡ್ಜ್ ಒಪ್ಪಿದರು. ನಾಲ್ಕನೇ ದಿನ, ನವೆಂಬರ್ 19ರ ಶುಕ್ರವಾರ, ಗುಮಾಸ್ತೆ ಎದ್ದು ನಿಂತು ಐದು ಸಲ ಓದಿದರು. ಹುಡುಗ ಕುಸಿದು ಕೂತ. ನಿಮ್ಮ ಓದುಗರು ಬರೆದಂತೆ ನಗುತ್ತಾ ಹೊರಬರಲಿಲ್ಲ. ಜೂರಿಯವರ ಹೆಸರು ಕೂಡ ಕೋರ್ಟು ಆಗ ಹೊರಗೆ ಬಿಡಲಿಲ್ಲ.

ಇನ್ನು ನಮ್ಮ ಪದ್ಧತಿ. ನಾನು ಕೆಲಸದಲ್ಲಿದ್ದ ಕಾಲದ ದಂಡ ಪ್ರಕ್ರಿಯಾ ಸಂಹಿತೆಯ 354ನೇ ಕಲಮು ಪ್ರತಿ ತೀರ್ಪಿನಲ್ಲೂ ಮೂರು ವಿಷಯ ಇರಲೇಬೇಕು ಎನ್ನುತ್ತಿತ್ತು. ತೀರ್ಮಾನಿಸಬೇಕಾದ ಅಂಶಗಳು ಯಾವುವು, ಪ್ರತಿ ಅಂಶಕ್ಕೆ ನಿರ್ಣಯ ಏನು, ಆ ನಿರ್ಣಯಕ್ಕೆ ಕಾರಣ ಏನು. ಸಾಹೇಬರು ಡಿಕ್ಟೇಷನ್ ಕೊಡುವಾಗ ಈ ಮೂರನೆಯದ್ದೇ ನಮ್ಮ ಬೆರಳು ಸವೆಸುತ್ತಿದ್ದದ್ದು. ಎರಡನೇ ಸಾಕ್ಷಿಯ ಮಾತು ಯಾಕೆ ನಂಬಿದೆ, ಐದನೇ ಸಾಕ್ಷಿ ಯಾಕೆ ಪ್ರತಿಕೂಲ, ಮಹಜರಿನಲ್ಲಿ ಬರೆದ ಜಾಗಕ್ಕೂ ನಕ್ಷೆಗೂ ಯಾಕೆ ಹೊಂದುವುದಿಲ್ಲ, ವೈದ್ಯರು ಹೇಳಿದ ಗಾಯ ಯಾವ ದಿಕ್ಕಿನಿಂದ ಆದದ್ದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೆಲ್ಲ ಸುಮ್ನೆ ಉದ್ದ ಎಳೆಯುವುದು ಅನ್ನಿಸುತ್ತಿತ್ತು. ಬಿಡುಗಡೆ ಅಂದರೆ ಬಿಡುಗಡೆ, ಅದಕ್ಕೆ ಅರವತ್ತು ಪುಟ ಯಾಕೆ?

ಆಮೇಲೆ ತೊಂಬತ್ತರ ದಶಕದ ಒಂದು ಕೇಸು ಬಂತು. ಹೆಸರು, ಊರು ಬೇಡ, ಎರಡೂ ಮನೆಯವರು ಇವತ್ತೂ ಪಕ್ಕಪಕ್ಕದಲ್ಲೇ ಇದ್ದಾರೆ. ತೋಟದ ಗಡಿಯ ಜಗಳ. ಒಬ್ಬರು ಕತ್ತಿ ಹಿಡಿದು ಬೇಲಿ ದಾಟಿದರು, ಇನ್ನೊಬ್ಬರು ಕೋವಿ ಹಾರಿಸಿದರು. ಆತ್ಮರಕ್ಷಣೆ ಎಂದು ಒಪ್ಪಿ ಸಾಹೇಬರು ಬಿಡುಗಡೆ ಮಾಡಿದರು. ತೀರ್ಪಿನ ದಿನ ಕೋರ್ಟ್ ವರಾಂಡದಲ್ಲಿ ಸತ್ತವರ ತಮ್ಮ ಕೂಗಾಡಿದ ಕೂಗಾಟ ಟೈಪಿಂಗ್ ರೂಮಿನವರೆಗೆ ಕೇಳುತ್ತಿತ್ತು. ದುಡ್ಡು ತಿಂದಿದ್ದಾರೆ, ಜಾತಿ ನೋಡಿದ್ದಾರೆ, ಎಲ್ಲ ಬಂತು. ನಕಲು ಪ್ರತಿಗೆ ಅರ್ಜಿ ಹಾಕಿ, ಪ್ರತಿ ಕೈಗೆ ಬಂದ ದಿನ ಅವರ ವಕೀಲರು ಹೊರಗೆ ಮರದ ಕೆಳಗೆ ನಿಂತು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ತಮ್ಮ ಒಂದು ಕಡೆ ಕೈ ಅಡ್ಡ ಹಿಡಿದರು. ‘ನಿಲ್ಲಿಸಿ ಸರ್. ಅಣ್ಣ ಬೇಲಿ ದಾಟಿ ಹತ್ತು ಹೆಜ್ಜೆ ಒಳಗೆ ಬಂದಿದ್ದ ಅಂತ ಬರೆದಿದ್ದಾರಲ್ಲ, ಅದು ಸುಳ್ಳು. ಅವನು ಬಿದ್ದದ್ದು ಬೇಲಿ ಬುಡದಲ್ಲಿ.’ ಅಪೀಲು ಅದರ ಮೇಲೆ ಹೋಯಿತು. ಹೈಕೋರ್ಟಿನಲ್ಲೂ ಸೋತರು. ಸಿಟ್ಟು ಇಳಿಯಿತಾ? ಇಲ್ಲ. ಆದರೆ ಅಲ್ಲಿಂದ ಮುಂದೆ ಅವರ ಸಿಟ್ಟಿಗೆ ಒಂದು ಪ್ಯಾರಾ ನಂಬರ್ ಇತ್ತು. ಜಾತಿ, ದುಡ್ಡಿನ ಮಾತು ನಿಂತು, ಬೇಲಿಯ ಮಾತು ಉಳಿಯಿತು.

ದೇಶದ ಮಟ್ಟದಲ್ಲೂ ಇಂಥದ್ದೇ ಒಂದು ಉದಾಹರಣೆ ಇದೆ, ವಕೀಲರೆಲ್ಲರಿಗೂ ಗೊತ್ತಿರುವ ದರ್ಶನ್ ಸಿಂಗ್ ಪ್ರಕರಣ. 1991ರ ಪಂಜಾಬ್, ಹೊಲದ ಜಗಳ. ಎದುರಿನವರು ತಂದೆಗೆ ಗಂಡಾಸ ಎಂಬ ಉದ್ದ ಹಿಡಿಯ ಕೊಡಲಿಯಿಂದ ಹೊಡೆದಾಗ ಮಗ ಬಂದೂಕು ಹಾರಿಸಿದ, ಒಬ್ಬರು ಸತ್ತರು. ಕೆಳಗಿನ ಕೋರ್ಟು ಆತ್ಮರಕ್ಷಣೆ ಎಂದು ಬಿಟ್ಟಿತು. ಹೈಕೋರ್ಟು ಅದನ್ನು ರದ್ದು ಮಾಡಿ ಶಿಕ್ಷೆ ಕೊಟ್ಟಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಅಷ್ಟೇ ಅಲ್ಲ, ಆತ್ಮರಕ್ಷಣೆಯ ಹಕ್ಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹತ್ತು ಅಂಶಗಳಲ್ಲಿ ಬರೆದಿಟ್ಟಿತು. ಪೆಟ್ಟು ಬೀಳುವ ತನಕ ಕಾಯಬೇಕಿಲ್ಲ, ನಿಜವಾದ ಭಯ ಸಾಕು. ಆದರೆ ಅದು ಸೇಡು ತೀರಿಸುವ ಹಕ್ಕಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಕಣ್ಣೆದುರು ಕತ್ತಿ ಇರುವವನು ಚಿನ್ನ ತೂಗುವ ತಕ್ಕಡಿ ಹಿಡಿದು ಲೆಕ್ಕ ಹಾಕಲಾರ ಎಂದು ನಮ್ಮ ಕೋರ್ಟುಗಳು ಬಹಳ ಹಿಂದಿನಿಂದ ಹೇಳುತ್ತಾ ಬಂದಿವೆ, ನಾನೇ ಎಷ್ಟು ಸಲ ಟೈಪ್ ಮಾಡಿದ್ದೇನೋ. ಹೈಕೋರ್ಟಿನದ್ದೇ ಸರಿ ಅನ್ನುವವರೂ ಇರಬಹುದು. ಅವರಿಗೂ ಓದಲು ಕಾರಣ ಇದೆ.

ಇದನ್ನೆಲ್ಲ ಗುರುವಾರ ಥ್ಯಾಂಕ್ಸ್‌ಗಿವಿಂಗ್ ರಜೆಯ ಊಟಕ್ಕೆ ಮಗಳ ಮನೆಗೆ ಬಂದ ಕನ್ನಡದ ಹುಡುಗರ ಮುಂದೆ ಹೇಳಿದೆ. ಟರ್ಕಿ ಕೋಳಿ ಇರಲಿಲ್ಲ, ಬಿಸಿಬೇಳೆಬಾತ್ ಇತ್ತು. ಮಾತು ಕೆನೋಷಾಕ್ಕೆ ತಿರುಗಿ ಎರಡು ಪಾರ್ಟಿ ಆಯಿತು. ಒಬ್ಬ ದಾವಣಗೆರೆಯವನು, ಇಲ್ಲಿ ಮನೆ ಕೊಂಡು ನೆಲೆ ನಿಂತವನು. ‘ಅಂಕಲ್, ಊರಿಗೆ ಬೆಂಕಿ ಹಾಕುವಾಗ ಪೊಲೀಸರು ಎಲ್ಲಿದ್ದರು? ಆ ಹುಡುಗನಾದರೂ ಬಂದ’ ಎಂದ. ಇನ್ನೊಬ್ಬಳು, ಮೈಸೂರಿನವಳು, ಇಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ‘ನಮ್ಮ ಮಕ್ಕಳು ಬಿಳಿಯರಲ್ಲ ಕಣೋ. ನಾಳೆ ಯಾರಿಗೋ ನಮ್ಮ ಮಗನನ್ನು ನೋಡಿ ಭಯ ಆಯ್ತು ಅಂದರೆ?’ ಎಂದಳು. ಅವಳ ಮಾತಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ. ಆದರೆ ಇಬ್ಬರೂ ತಮ್ಮ ಮಾತಿಗೆ ತೀರ್ಪನ್ನೇ ಆಧಾರ ಮಾಡಿಕೊಂಡರು. ಆಸ್ತಿ ಕಾಯಲು ಬಂದೂಕು ಹಿಡಿಯುವುದು ಸರಿ ಎಂದು ಕೋರ್ಟ್ ಹೇಳಿದೆ ಎಂದು ಇವನು. ಬಿಳಿಯರು ಹೊಡೆದರೆ ತಪ್ಪಲ್ಲ ಎಂದು ಕೋರ್ಟ್ ಹೇಳಿದೆ ಎಂದು ಅವಳು. ಕಾರಣ ಇಲ್ಲದ ತೀರ್ಪು ಸಹಿ ಹಾಕಿ ಕೊಟ್ಟ ಖಾಲಿ ಸ್ಟ್ಯಾಂಪ್ ಪೇಪರ್ ಇದ್ದ ಹಾಗೆ. ಕೈಗೆ ಸಿಕ್ಕವರು ತಮಗೆ ಬೇಕಾದ್ದು ಬರೆದುಕೊಳ್ಳುತ್ತಾರೆ.

ದೊಡ್ಡವರೂ ಇದಕ್ಕೆ ಹೊರತಲ್ಲ. ಅಧ್ಯಕ್ಷ ಬೈಡನ್ ಅವರು ಜೂರಿ ವ್ಯವಸ್ಥೆ ಕೆಲಸ ಮಾಡುತ್ತದೆ, ಅದಕ್ಕೆ ಬದ್ಧರಾಗಿರಬೇಕು ಎಂದರು. ಅದೇ ದಿನದ ಲಿಖಿತ ಹೇಳಿಕೆಯಲ್ಲಿ ತಮಗೂ ಹಲವರಂತೆ ಸಿಟ್ಟು ಮತ್ತು ಚಿಂತೆ ಆಗಿದೆ ಎಂದರು. ಯಾವುದರ ಮೇಲೆ ಸಿಟ್ಟು? ಕಾನೂನಿನ ಮೇಲೋ, ಸಾಕ್ಷ್ಯದ ಮೇಲೋ, ಜೂರಿಯ ಮೇಲೋ? ಬೊಟ್ಟು ಮಾಡಿ ತೋರಿಸಲು ಅವರ ಮುಂದೂ ಹಾಳೆ ಇಲ್ಲ.

ಆ ಗುರುವಾರದ ಊಟದ ಹೊತ್ತಿನ ಇನ್ನೊಂದು ವಿಷಯ. ಹಿಂದಿನ ದಿನ, ಬುಧವಾರ, ಜಾರ್ಜಿಯಾ ರಾಜ್ಯದಲ್ಲಿ ಇನ್ನೊಂದು ತೀರ್ಪು ಬಂದಿತ್ತು. 2020ರ ಫೆಬ್ರುವರಿಯಲ್ಲಿ ಅಹ್ಮದ್ ಆರ್ಬರಿ ಎಂಬ ಇಪ್ಪತ್ತೈದರ ಕಪ್ಪು ಯುವಕ ರಸ್ತೆಯಲ್ಲಿ ಓಡುತ್ತಿದ್ದಾಗ ಮೂವರು ಬಿಳಿಯರು ಟ್ರಕ್ಕುಗಳಲ್ಲಿ ಅಟ್ಟಿಸಿಕೊಂಡು ಹೋಗಿ, ಒಬ್ಬ ಗುಂಡಿಟ್ಟು ಕೊಂದ ಪ್ರಕರಣ. ಅವರದ್ದೂ ಆತ್ಮರಕ್ಷಣೆಯ ವಾದವೇ. ಹನ್ನೆರಡು ಜನರ ಜೂರಿಯಲ್ಲಿ ಕಪ್ಪು ವ್ಯಕ್ತಿ ಒಬ್ಬರೇ. ಆದರೂ ಮೂವರಿಗೂ ಕೊಲೆ ಅಪರಾಧ ಎಂದು ತೀರ್ಪಾಯಿತು. ಶುಕ್ರವಾರ ಜೂರಿ ಪದ್ಧತಿಯೇ ಸರಿಯಿಲ್ಲ ಎಂದು ಬೈದವರು ಬುಧವಾರ ಹೊಗಳಿದರು. ಶುಕ್ರವಾರ ಹೊಗಳಿದವರಲ್ಲಿ ಕೆಲವರು ಬುಧವಾರ ಸುಮ್ಮನಿದ್ದರು. ನಾನು ಎರಡನ್ನೂ ಒಂದೇ ರೀತಿ ದೂರುತ್ತೇನೆ. ಆರ್ಬರಿ ತೀರ್ಪು ಸರಿ ಎಂದೇ ನನ್ನ ಅನಿಸಿಕೆ. ಅಲ್ಲಿ ಅಟ್ಟಿಸಿಕೊಂಡು ಹೋದವರೇ ಹಾರಿಸಿದವರು, ಇಲ್ಲಿ ಓಡುತ್ತಿದ್ದವನು ಹಾರಿಸಿದ. ಆದರೆ ಇದೇ ವ್ಯತ್ಯಾಸ ಜೂರಿಯ ಮನಸ್ಸಿನಲ್ಲೂ ಇತ್ತು ಅಂತ ನಾನು ಹೇಗೆ ಹೇಳಲಿ?

ಜೂರಿಯ ಪರ ಮಾತು ಇಲ್ಲವೆಂದಲ್ಲ. ಕೆನೋಷಾ ಕೇಸು ಹದಿನೈದು ತಿಂಗಳಲ್ಲಿ ಮುಗಿಯಿತು. ದರ್ಶನ್ ಸಿಂಗ್‌ಗೆ ಕೊನೆಯ ಮಾತು ಸಿಗುವಾಗ ಹದಿನೆಂಟು ವರ್ಷ ದಾಟಿತ್ತು. ಕಾರಣ ಬರೆದ ತೀರ್ಪು ತಡವಾಗಿ ಬಂದರೆ ಓದುವವರೇ ಬದುಕಿರುವುದಿಲ್ಲ, ಇದು ನಮ್ಮ ನಾಚಿಕೆ. ಇಲ್ಲಿ ಹನ್ನೆರಡು ಸಾಮಾನ್ಯ ಜನ, ಏಳು ಹೆಂಗಸರು ಐದು ಗಂಡಸರು, ಮನೆ ಕೆಲಸ ಬಿಟ್ಟು ಬಂದು ಎರಡು ವಾರ ಗಮನ ಕೊಟ್ಟು ಕೂತರು. ಹದಿನೆಂಟು ಜನರಲ್ಲಿ ಆರು ಜನರನ್ನು ಹೊರಗಿಡಲು ಲಾಟರಿ ಡ್ರಮ್ಮಿನಿಂದ ಚೀಟಿ ಎತ್ತಿದ್ದು ಸ್ವತಃ ಆರೋಪಿ. ಜಡ್ಜ್ ಅವನ ಕೈಯಲ್ಲೇ ಎತ್ತಿಸಿದರು. ಅದನ್ನು ನೋಡಿ ನಾನಂತೂ ಬಾಯಿ ಬಿಟ್ಟುಕೊಂಡು ಕೂತೆ. ಒಬ್ಬ ಜಡ್ಜನ್ನು ಹೆದರಿಸುವುದಕ್ಕಿಂತ ಹನ್ನೆರಡು ಜನರನ್ನು ಹೆದರಿಸುವುದು ಕಷ್ಟ, ಅದೂ ನಿಜ.

ನಮ್ಮಲ್ಲೂ ಜೂರಿ ಇತ್ತು. 1959ರಲ್ಲಿ ಮುಂಬೈಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ಅವರನ್ನು ಎಂಟು ಜನ ತಪ್ಪಿತಸ್ಥರಲ್ಲ ಎಂದರು, ಒಬ್ಬರು ಮಾತ್ರ ಒಪ್ಪಲಿಲ್ಲ. ಅದು ಆತ್ಮರಕ್ಷಣೆಯ ಕೇಸಲ್ಲ, ಹೆಂಡತಿಯ ಗೆಳೆಯನಿಗೆ ಗುಂಡಿಟ್ಟದ್ದು. ಆದರೂ ಇಲ್ಲಿಗೆ ಸಂಬಂಧ ಇದೆ. ಜಡ್ಜ್ ಆ ತೀರ್ಪು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕೆನೋಷಾದಲ್ಲಿ ಆ ದಾರಿಯೂ ಇಲ್ಲ. ಅಮೆರಿಕದಲ್ಲಿ ಜೂರಿ ಬಿಟ್ಟವನ ಮೇಲೆ ಸರ್ಕಾರ ಅಪೀಲು ಹೋಗುವಂತಿಲ್ಲ.

ಈಗ ನಿಮ್ಮ ಎರಡನೇ ಪತ್ರಲೇಖಕರಿಗೆ, ಬಂದೂಕು ಕೊಡಿ ಎಂದವರಿಗೆ. ಹುಡುಗನ ಮೇಲೆ ಇನ್ನೊಂದು ಆರೋಪ ಇತ್ತು, ಅಪ್ರಾಪ್ತ ವಯಸ್ಸಿನಲ್ಲಿ ಬಂದೂಕು ಹಿಡಿದದ್ದು. ಅದು ಜೂರಿಯವರೆಗೆ ಹೋಗಲೇ ಇಲ್ಲ. ವಿಸ್ಕಾನ್ಸಿನ್ ಕಾನೂನಿನ ಒಳಗಿನ ಒಂದು ವಿನಾಯಿತಿಯನ್ನು ಓದಿದರೆ, ಹದಿನೇಳರ ಹುಡುಗ ಹಿಡಿಯಬಾರದ್ದು ನಳಿಗೆ ಗಿಡ್ಡ ಇರುವ ರೈಫಲ್ಲನ್ನು ಮಾತ್ರ. ಇವನದ್ದು ಗಿಡ್ಡ ಅಲ್ಲ ಎಂದು ಪ್ರಾಸಿಕ್ಯೂಷನ್ ಒಪ್ಪಿತು, ಜಡ್ಜ್ ಆರೋಪ ಕೈಬಿಟ್ಟರು. ಬೇಟೆಗೆ ಹೋಗುವ ಮಕ್ಕಳ ಸಲುವಾಗಿ ಮಾಡಿದ್ದು ಎನ್ನುವ ಆ ವಿನಾಯಿತಿ, ಗಲಭೆಯ ರಾತ್ರಿ ಪೇಟೆ ಬೀದಿಗೆ ಬಂತು. ನನಗೆ ಇಡೀ ಕೇಸಿನಲ್ಲಿ ಅತ್ಯಂತ ಕೆಟ್ಟ ಕ್ಷಣ ಇದೇ. ತಪ್ಪು ಜಡ್ಜರದ್ದಲ್ಲ, ಶಾಸನ ಮಾಡಿದವರದ್ದು. ಕೂಗುವುದಾದರೆ ಕೋರ್ಟಿನ ಎದುರಲ್ಲ, ಆ ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ಶಾಸನಸಭೆಯ ಎದುರು ಕೂಗಬೇಕು. ಒಂದು ಮಾತು ಹೇಳಬೇಕು: ಈ ಅಂಶ ನಮಗೆ ತಿಳಿದದ್ದೇ ಅದನ್ನು ತೀರ್ಮಾನಿಸಿದ್ದು ಜಡ್ಜ್ ಆದ್ದರಿಂದ, ಎಲ್ಲರ ಎದುರು ವಾದ ನಡೆದು ಕಾರಣ ಹೇಳಿದ್ದರಿಂದ. ಜೂರಿ ಕೋಣೆಯೊಳಗೆ ಹೋದ ಯಾವ ಅಂಶವೂ ಹೀಗೆ ಹೊರಗೆ ಬರಲಿಲ್ಲ.

ನಮ್ಮಲ್ಲಿ ಆಯುಧ ಕಾಯ್ದೆಯ ಪ್ರಕಾರ ಇಪ್ಪತ್ತೊಂದು ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕೊಡಗಿನಲ್ಲಿ ಕೋವಿ ಇಲ್ಲದ ಹಳ್ಳಿ ಇಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವವರ ನಡುವೆ ಬೆಳೆದವನು ನಾನು. ಅದೇ ಊರಿನಲ್ಲಿ ಗಲಾಟೆಯ ದಿನ ಹದಿನೇಳರ ಹುಡುಗ ಕೋವಿ ಹೆಗಲಿಗೇರಿಸಿ ಪೇಟೆಗೆ ಹೊರಟರೆ, ಪೊಲೀಸರು ಬರುವ ಮೊದಲೇ ಅವನ ಅಜ್ಜಿ ಕೋವಿ ಕಿತ್ತಿಟ್ಟುಕೊಂಡು ಎರಡು ಬಿಗಿಯುತ್ತಿದ್ದಳು. ಬಂದೂಕು ಕೊಡಿ ಎಂದು ಬರೆದವರು ಒಮ್ಮೆ ನಮ್ಮ ಕಡೆ ಬಂದು ಕೋವಿ ಇಟ್ಟ ಮನೆಯ ಹಿರಿಯರನ್ನು ಮಾತಾಡಿಸಿ ನೋಡಲಿ.

ಪತ್ರ ಉದ್ದವಾಯಿತು, ಸ್ಟೆನೋಗಳ ಹಣೆಬರಹ ಇದು. ಜಾಗ 300 ಪದಕ್ಕೆ ಮಾತ್ರ ಎಂದು ನಿಮ್ಮ ಪುಟದ ಕೆಳಗೆ ಅಚ್ಚಾಗಿರುವುದು ನೋಡಿದ್ದೇನೆ. ಕತ್ತರಿಸುವುದಾದರೆ ಬಿಸಿಬೇಳೆಬಾತ್ ಕತ್ತರಿಸಿ, ನಾನಾವತಿಯನ್ನು ಕತ್ತರಿಸಿ, ಬೇಕಿದ್ದರೆ ಅಜ್ಜಿಯನ್ನೂ. ಡ್ರೋನ್ ವಿಡಿಯೊದ ಭಾಗ ಮಾತ್ರ ಪೂರ್ತಿ ಇರಲಿ. ನಿಮ್ಮ ಓದುಗರಲ್ಲಿ ಯಾರಿಗಾದರೂ ಆ ಜೂರಿ ಅದರಲ್ಲಿ ಏನು ಕಂಡಿತು ಎಂದು ಗೊತ್ತಿದ್ದರೆ ಬರೆದು ತಿಳಿಸಲಿ.

ಇಂತಿ ನಿಮ್ಮ ಹಳೆಯ ಓದುಗ,
ನಿವೃತ್ತ ಕೋರ್ಟ್ ಸ್ಟೆನೋ, ಕೊಡಗು
(ಸದ್ಯ ಮಗಳ ಮನೆ, ಇಲಿನಾಯ್), ನವೆಂಬರ್ 2021